ಗುಳೆ ಬಂದವರ ಜೊತೆ ನಮ್ಮ ಭಾನುವಾರಗಳು

ನಾನು ಗಿಣಿಗೇರಿ ಹತ್ತಿರದ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಹಿಂದಿ ಮೇಷ್ಟ್ರು. ಕೊಪ್ಪಳದಿಂದ ಹೊಸಪೇಟೆ ರಸ್ತೆ ಹಿಡಿದವರಿಗೆ ನಮ್ಮ ಕಡೆ ಗೊತ್ತಿರುತ್ತದೆ. ಸುತ್ತಲೂ ಉಕ್ಕು, ಸ್ಪಾಂಜ್ ಐರನ್ ಕಾರ್ಖಾನೆಗಳು. ಬೆಳಗ್ಗೆ ಅಂಗಳ ಕಸ ಹೊಡೆದರೆ ಕಪ್ಪು ದೂಳು ಬರುತ್ತದೆ. ಆ ಕಾರ್ಖಾನೆಗಳಲ್ಲಿ ದುಡಿಯಲು ಬಿಹಾರ, ಜಾರ್ಖಂಡ್, ಒಡಿಶಾ, ಉತ್ತರ ಪ್ರದೇಶದಿಂದ ಬಂದವರು ನಮ್ಮ ಊರುಗಳಲ್ಲೇ ಬಾಡಿಗೆಗೆ ಇದ್ದಾರೆ. ಒಂದು ಪತ್ರಾಸ್ (ತಗಡಿನ) ಕೋಣೆಗೆ ಐದಾರು ಜನ. ಊರವರ ಬಾಯಲ್ಲಿ ಅವರಿಗೆಲ್ಲ ಒಂದೇ ಹೆಸರು, 'ಭಯ್ಯಾಗೋಳು'. ಕಾರ್ಖಾನೆ ದೂಳಿನ ಮೇಲಿನ ಸಿಟ್ಟೂ ಅವರ ಮೇಲೇ ಬೀಳುತ್ತಿತ್ತು. ಮಾಲೀಕ ಕಣ್ಣಿಗೆ ಬೀಳುವುದಿಲ್ಲ, ಚಹಾದಂಗಡಿ ಮುಂದೆ ಹೆಲ್ಮೆಟ್ ಹಿಡಿದು ನಿಂತವನು ಬೀಳುತ್ತಾನೆ, ಅಲ್ವಾ?

ನನಗೆ ಇದು ನೋಡಲು ಆಗುತ್ತಿರಲಿಲ್ಲ. ಕಾರಣ ನಮ್ಮ ಮನೆಯದೇ. ಮಳೆ ಕೈಕೊಟ್ಟ ವರ್ಷ ನಮ್ಮಪ್ಪ, ಅವ್ವ ಕೂಲಿ ಹುಡುಕಿಕೊಂಡು ಗೋವಾಕ್ಕೆ ಗುಳೆ ಹೋಗುತ್ತಿದ್ದರು. ನಾನು ಅಜ್ಜಿ ಹತ್ತಿರ ಇರುತ್ತಿದ್ದೆ. ಅಲ್ಲಿ ನಮ್ಮವರನ್ನು 'ಘಾಂಟಿ' ಅಂತ ಹೀಯಾಳಿಸಿ ಕರೆಯುತ್ತಾರೆ. ಅಪ್ಪ ಆ ಮಾತನ್ನು ಮನೆಯಲ್ಲಿ ಒಂದೇ ಸಲ ಹೇಳಿದ್ದು, ಅದೂ ಗೋಡೆ ಕಡೆ ಮುಖ ಮಾಡಿ. ಕೊಪ್ಪಳ, ರಾಯಚೂರು ಕಡೆ ಗುಳೆ ಅಂದರೇನು ಅಂತ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಇವತ್ತಿಗೂ ನಮ್ಮ ಓಣಿಯ ಹುಡುಗರು ಬೆಂಗಳೂರು, ಮಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕಿದ್ದಾರೆ. ನಮ್ಮವರು ಅತ್ತ ಹೋದರೆ ಗುಳೆ, ಅವರು ಇತ್ತ ಬಂದರೆ ಭಯ್ಯಾ. ಇಷ್ಟೇ ವ್ಯತ್ಯಾಸ.

ಶುರುವಿನಲ್ಲಿ ನಾನು ಎಲ್ಲರೂ ಮಾಡುವುದನ್ನೇ ಮಾಡಿದೆ. 2020ರ ಲಾಕ್‌ಡೌನ್‌ನಲ್ಲಿ ನಾವು ಕೆಲವರು ಸೇರಿ ಅಕ್ಕಿ, ಬೇಳೆ, ಎಣ್ಣೆ ಹಂಚಿದೆವು. ಅದು ಬೇಕಿತ್ತು, ತಪ್ಪಲ್ಲ. ಆದರೆ ಫೋಟೋ ತೆಗೆಯುವಾಗ ಒಬ್ಬ ವಯಸ್ಸಾದವರು ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು. ಅವತ್ತಿನಿಂದ ನಾನು ಹಂಚುವಾಗ ಫೋಟೋ ತೆಗೆಯಲು ಬಿಟ್ಟಿಲ್ಲ. ಆಮೇಲೆ ಭಾನುವಾರ ಸಂಜೆ ಕನ್ನಡ ಕ್ಲಾಸ್ ಇಟ್ಟೆ. ಮೊದಲ ವಾರ ಹದಿನೆಂಟು ಜನ, ನಾಲ್ಕನೇ ವಾರ ಇಬ್ಬರು. ನಾನು ಬೋರ್ಡಿನ ಮೇಲೆ ಅ, ಆ ಬರೆಯುತ್ತಿದ್ದೆ. ಅವರಿಗೆ ಬೇಕಿದ್ದದ್ದು 'ಎಷ್ಟು ಕೊಡಬೇಕ್ರಿ?', 'ಹೊಟ್ಟಿ ನೋಯಾಕತ್ತೈತ್ರಿ', 'ಬಾಡಿಗಿ ಮುಂದಿನ ವಾರ ಕೊಡ್ತೀನ್ರಿ'. ಜೊತೆಗೆ ಆ ಹೊತ್ತಿಗೆ ಅರ್ಧ ಜನ ಮಧ್ಯಾಹ್ನ ಎರಡಕ್ಕೆ ಶುರುವಾಗುವ ಬಿ ಶಿಫ್ಟಿನಲ್ಲಿರುತ್ತಿದ್ದರು. ಕೇಳದೇ ವೇಳೆ ಇಟ್ಟದ್ದು ನನ್ನದೇ ತಪ್ಪು.

ದಾರಿ ಸಿಕ್ಕಿದ್ದು ಒಂದು ಮುರಿದ ಡೆಸ್ಕಿನಿಂದ.

ಬಿಹಾರದ ಸಿವಾನ್ ಕಡೆಯ ಒಬ್ಬ ವೆಲ್ಡರ್ ಮಗಳನ್ನು ಕರೆದುಕೊಂಡು ಬಂದಿದ್ದ. ಎಂಟು ವರ್ಷದ ಹುಡುಗಿ, ಟಿಸಿ ಇಲ್ಲ ಅಂತ ಒಂದು ಶಾಲೆಯಲ್ಲಿ ವಾಪಸ್ ಕಳಿಸಿದ್ದರು. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಟಿಸಿ ಇಲ್ಲ ಅಂತ ಮಗುವನ್ನು ಹೊರಗಿಡುವ ಹಾಗಿಲ್ಲ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಲೇಬೇಕು. ಪಕ್ಕದ ಪ್ರೈಮರಿ ಶಾಲೆಗೆ ನಾನು ಅರ್ಜಿ ಬರೆಯುತ್ತಿದ್ದೆ. ಅವನ ಗಮನ ಅರ್ಜಿ ಕಡೆ ಇರಲಿಲ್ಲ. ಪಕ್ಕದಲ್ಲಿದ್ದ ಮುರುಕು ಡೆಸ್ಕಿನ ಕಾಲಿನ ಮೇಲೆ ಹೆಬ್ಬೆರಳು ಆಡಿಸುತ್ತಿದ್ದ. "ಮಾಸ್ಟರ್‌ಜೀ, ಇದರ ವೆಲ್ಡಿಂಗ್ ಬಿಟ್ಟಿಲ್ಲ, ತುಕ್ಕು ತಿಂದಿದೆ. ಉಜ್ಜಿ ಹೊಡೆದರೆ ಹತ್ತು ವರ್ಷ ಬರುತ್ತೆ" ಅಂದ. ಹಿಂದಿನ ಕೋಣೆಯ ಬಾಗಿಲು ತೆಗೆದು ತೋರಿಸಿದೆ. ಅಲ್ಲಿ ಇಪ್ಪತ್ತೆರಡು ಡೆಸ್ಕು ರಾಶಿ ಬಿದ್ದಿದ್ದವು.

ಮುಂದಿನ ಭಾನುವಾರ ಅವನು ಮೂವರನ್ನು ಕರೆತಂದ. ವೆಲ್ಡಿಂಗ್ ಮಷಿನ್ ನಮ್ಮೂರಿನ ಗೇಟು, ಗ್ರಿಲ್ ಮಾಡುವ ಅಂಗಡಿಯವರದು. "ಮಷಿನ್ ಕೊಡ್ತೀನ್ರಿ ಸರ್ರ, ಆದ್ರ ನಾನೂ ಇರ್ತೀನಿ" ಅಂದರು. ನಂಬಿಕೆ ಇರಲಿಲ್ಲ, ಅದಕ್ಕೇ ಬಂದಿದ್ದರು. ಮೊದಲು ತಂತಿ ಬ್ರಷ್‌ನಿಂದ ತುಕ್ಕು ಉಜ್ಜಿದರು. ಆಮೇಲೆ ಕಾಲು ನೆಟ್ಟಗೆ ನಿಲ್ಲಿಸಿ, ಒಂದೊಂದು ಮೂಲೆಗೆ ಚುಕ್ಕಿ ಇಟ್ಟ ಹಾಗೆ ಒಂದು ಟಾಕಾ. ಡೆಸ್ಕನ್ನು ನೆಲಕ್ಕಿಟ್ಟು ಅಲುಗಾಡುತ್ತದಾ ಅಂತ ನೋಡಿ, ಆಮೇಲೇ ಪೂರ್ತಿ ಬೆಸುಗೆ. ಮೇಲಿನ ಕಿಟ್ಟವನ್ನು ಸಣ್ಣ ಸುತ್ತಿಗೆಯಿಂದ ಬಡಿದರೆ ಕೆಳಗೆ ಬೆಳ್ಳಗೆ, ಮೀನಿನ ಪರೆಯ ಹಾಗೆ ಸಾಲು ಕಾಣುತ್ತಿತ್ತು. ಅಂಗಡಿಯವರು ಬಗ್ಗಿ ಆ ಸಾಲು ನೋಡಿದರು. ಒಂದು ಮಾತೂ ಆಡಲಿಲ್ಲ. ಸ್ವಲ್ಪ ಹೊತ್ತಿಗೆ ತಮ್ಮ ಕನ್ನಡಕ ಹಾಕಿಕೊಂಡು ಎರಡನೇ ಡೆಸ್ಕಿಗೆ ಕೂತರು. ಸಂಜೆ ಚಹಾ ಅವರದೇ. ಇವತ್ತು ಕೈತುಂಬ ಆರ್ಡರ್ ಇದ್ದಾಗ ಅವರು ಕರೆಯುವುದು ಈ ವೆಲ್ಡರನ್ನೇ, ಕೂಲಿ ಕೊಟ್ಟು, ಹೆಸರು ಹಿಡಿದು.

ಅವತ್ತು ನನಗೆ ಅರ್ಥವಾಯಿತು. ನಾನು ಇಷ್ಟು ದಿನ ಅವರಿಗೆ ಏನು ಬೇಕು ಅಂತ ಯೋಚಿಸುತ್ತಿದ್ದೆ, ಏನು ಬರುತ್ತೆ ಅಂತ ಕೇಳಿರಲೇ ಇಲ್ಲ. ಕೊಡುವವನು, ತೆಗೆದುಕೊಳ್ಳುವವನು ಅಂತ ಇದ್ದರೆ ಅಲ್ಲಿ ಗೆಳೆತನ ಹುಟ್ಟುವುದಿಲ್ಲ. ಒಂದೇ ಕೆಲಸಕ್ಕೆ ಇಬ್ಬರೂ ಕೈ ಹಾಕಬೇಕು. ಆಗಿನಿಂದ ಯಾವ ಕೆಲಸಕ್ಕೂ ಅವರನ್ನಷ್ಟೇ ಕರೆಯುವುದಿಲ್ಲ. ನಾಲ್ಕು ಜನ ಅವರಿದ್ದರೆ ನಾಲ್ಕು ಜನ ಊರವರು ಇರಲೇಬೇಕು.

ಇನ್ನೊಂದನ್ನು ಗಟ್ಟಿಯಾಗಿ ಹಿಡಿದಿದ್ದೇನೆ. ಡೆಸ್ಕಿನ ಸುದ್ದಿ ಹಬ್ಬಿದ ಮೇಲೆ ಒಬ್ಬರು ಬಂದು, "ನಮ್ಮ ಕಂಪೌಂಡೂ ಒಂದು ಭಾನುವಾರ ಮಾಡಿಸ್ಕೊಡ್ರಿ" ಅಂದರು. ಆಗಲ್ಲ ಅಂದೆ. ಶಾಲೆ, ಅಂಗನವಾಡಿ, ಕೆರೆ ದಂಡೆ, ದಾಸೋಹಕ್ಕಷ್ಟೇ ಸೇವೆ. ಯಾರದೇ ಮನೆ ಕೆಲಸ ಆದರೆ ಪೂರ್ತಿ ಕೂಲಿ ಕೊಡಬೇಕು. ವಾರಪೂರ್ತಿ ಕುಲುಮೆ ಮುಂದೆ ಬೆಂದವನ ರಜಾ ದಿನವನ್ನು ಬಿಟ್ಟಿ ದುಡಿಮೆ ಮಾಡಿಕೊಂಡರೆ ಅದಕ್ಕಿಂತ ಪಾಪ ಇಲ್ಲ. ಬರದವನನ್ನು 'ಯಾಕೆ ಬರಲಿಲ್ಲ' ಅಂತಲೂ ಕೇಳುವುದಿಲ್ಲ.

ನಾವು ಇಟ್ಟ ರಕ್ತದಾನ ಶಿಬಿರದಲ್ಲಿ ಒಮ್ಮೆ ಎಡವಿದೆ. ತೂಕ 45 ಕಿಲೋ, ಹಿಮೋಗ್ಲೋಬಿನ್ 12.5 ಇರಬೇಕು, ಗಂಡಸರು 90 ದಿನಕ್ಕೊಮ್ಮೆ ಕೊಡಬಹುದು ಅಂತೆಲ್ಲ ಹೇಳಿದ್ದೆ. ಆದರೆ ಒಬ್ಬ ಹುಡುಗ ರಾತ್ರಿ ಶಿಫ್ಟ್ ಮುಗಿಸಿ, ನಿದ್ದೆ, ನಾಷ್ಟಾ ಎರಡೂ ಇಲ್ಲದೆ ನೇರ ಬಂದಿದ್ದ. ರಕ್ತ ಕೊಟ್ಟು ಎದ್ದವನೇ ಕುಸಿದ. ಅರ್ಧ ಗಂಟೆಗೆ ಸುಧಾರಿಸಿದ, ಆದರೆ ನನ್ನ ಕೈ ನಡುಗುತ್ತಿತ್ತು. ಈಗ ಬಾಗಿಲಲ್ಲೇ ಕೇಳುತ್ತೇವೆ: ರಾತ್ರಿ ಮಲಗಿದ್ದೀಯಾ? ಏನು ತಿಂದೆ?

ಕೊಪ್ಪಳದ ಗವಿಮಠದ ಜಾತ್ರೆ ಬಗ್ಗೆ ಹೇಳದಿದ್ದರೆ ಆಗುವುದೇ ಇಲ್ಲ. ಜನವರಿಯಲ್ಲಿ ಅಲ್ಲಿ ನಡೆಯುವ ಮಹಾದಾಸೋಹಕ್ಕೆ ಹಳ್ಳಿಹಳ್ಳಿಯಿಂದ ಟ್ರ್ಯಾಕ್ಟರಿನಲ್ಲಿ ಜೋಳದ ರೊಟ್ಟಿ ಬರುತ್ತದೆ. ಬಡಿಸುವುದು, ತರಕಾರಿ ಹೆಚ್ಚುವುದು, ತಟ್ಟೆ ತೊಳೆಯುವುದು ಎಲ್ಲ ಸೇವೆಯೇ. ಅಲ್ಲಿ ನಿನ್ನ ಜಾತಿ, ಊರು ಯಾವುದು ಅಂತ ಕೇಳಿ ಕೆಲಸ ಕೊಡುವುದಿಲ್ಲ. ನಾವು ಹನ್ನೊಂದು ಜನ ಹೋದೆವು, ಆರು ಜನ ಅವರು. ಒಬ್ಬ ಅಜ್ಜಿ ತಲೆ ಮೇಲೆ ರೊಟ್ಟಿ ಗಂಟು ಹೊತ್ತು ಬಂದಳು. ನಮ್ಮ ಜಾರ್ಖಂಡಿನ ಹುಡುಗ ಓಡಿಹೋಗಿ, "ಕೊಡ್ರಿ ಅಮ್ಮಾರ" ಅಂತ ಇಳಿಸಿಕೊಂಡ. "ಯಾವೂರಪ್ಪ ನಿಂದು?" ಅಂದಳು. ಅವನು ಒಂದು ಗಳಿಗೆ ಸುಮ್ನೆ ನಿಂತು, "ಗಿಣಿಗೇರಿ ರೀ" ಅಂದ.

ಸೇವೆ ಒಂದೇ ಕಡೆಯಿಂದ ಹೋಗಬಾರದು, ಅಲ್ವಾ? ದೀಪಾವಳಿ ಆಗಿ ಆರನೇ ದಿನ ಅವರ ಛಠ್ ಹಬ್ಬ. ನೀರಲ್ಲಿ ನಿಂತು ಮುಳುಗುವ ಸೂರ್ಯನಿಗೆ, ಮರುದಿನ ಹುಟ್ಟುವ ಸೂರ್ಯನಿಗೆ ಅರ್ಘ್ಯ ಕೊಡುತ್ತಾರೆ. ಒಂದು ವರ್ಷ ಕೆರೆ ದಂಡೆಯ ಜಾಲಿ ಕಡಿದು, ಗಾಜಿನ ಚೂರು ಆರಿಸಿದ್ದು ನಮ್ಮ ಊರ ಹುಡುಗರು. ವೆಲ್ಡರನ ಹೆಂಡತಿಗೆ ಬಿದಿರಿನ 'ಸೂಪ್' ಬೇಕಿತ್ತು. ಏನದು ಅಂತ ಯಾರಿಗೂ ತಿಳಿಯಲಿಲ್ಲ. ಮಗಳು, ಅಷ್ಟರಲ್ಲಿ ನಮಗಿಂತ ಚೆನ್ನಾಗಿ ನಮ್ಮೂರ ಕನ್ನಡ ಕಲಿತಿದ್ದಳು, ಕೈಯಲ್ಲಿ ಕೇರುವ ಹಾಗೆ ಮಾಡಿ ತೋರಿಸಿದಳು. ಅವರು ಬಾಡಿಗೆಗಿದ್ದ ಮನೆಯ ಒಡತಿ ನಕ್ಕುಬಿಟ್ಟರು. "ಅಯ್ಯ, ಮರ ಏನ!" (ಮೊರಕ್ಕೆ ನಮ್ಮ ಕಡೆ ಮರ ಅಂತಾರೆ) ಅಂತ ಒಳಗೆ ಹೋಗಿ, ಮೇದಾರರ ಹತ್ತಿರ ಹೊಸದಾಗಿ ತಂದಿಟ್ಟಿದ್ದ ಮರವನ್ನು ತೊಳೆದು, ಅರಿಶಿನ ಹಚ್ಚಿ ಕೊಟ್ಟರು. ಅದರಲ್ಲಿ ಬಾಳೆಹಣ್ಣು, ತೆಂಗಿನಕಾಯಿ, ಕಬ್ಬು, ಬೆಲ್ಲ ಹಾಕಿ ಕರಿದ ಠೇಕುಆ ತಿಂಡಿ ಇಟ್ಟು ಆ ಹೆಣ್ಣುಮಗಳು ನೀರಿಗೆ ಇಳಿದಾಗ, ಒಡತಿಯೂ ಸೆರಗು ಹೊದ್ದು ದಂಡೆಯಲ್ಲಿ ಕೈ ಮುಗಿದು ನಿಂತಿದ್ದರು. ಮೊದಲು ನೀರಿಗಾಗಿ ಇವರಿಬ್ಬರ ನಡುವೆ ದಿನಾ ಜಗಳ.

ಕಾಗದಪತ್ರದ ಕೆಲಸವೂ ಈಗ ಹಗುರಾಗಿದೆ. 'ಒಂದು ದೇಶ, ಒಂದು ರೇಷನ್ ಕಾರ್ಡ್' ಇರುವುದರಿಂದ ಬಿಹಾರದ ಕಾರ್ಡಿಗೆ ಇಲ್ಲಿನ ಡಿಪೋದಲ್ಲಿ ಹೆಬ್ಬೆಟ್ಟು ಒತ್ತಿ ಧಾನ್ಯ ತೆಗೆದುಕೊಳ್ಳಬಹುದು, ಉಳಿದ ಪಾಲನ್ನು ಮನೆಯವರು ಅಲ್ಲೇ ಪಡೆಯಬಹುದು. ಮೊದಲು ನಾನೊಬ್ಬನೇ ಜೊತೆಗೆ ಹೋದಾಗ ಒಂದು ಕಡೆ 'ಸರ್ವರ್ ಇಲ್ಲ' ಅಂತ ಮೂರು ಸಲ ಕಳಿಸಿದರು. ನಾಲ್ಕನೇ ಸಲ ಗ್ರಿಲ್ ಅಂಗಡಿಯವರೇ ಬಂದು, "ನಮ್ಮ ಹುಡುಗ ಅದಾನ, ನೋಡ್ರಿ ಸ್ವಲ್ಪ" ಅಂದರು. ಅವತ್ತು ಸರ್ವರ್ ಬಂತು. ಅಸಂಘಟಿತ ಕಾರ್ಮಿಕರ ನೋಂದಣಿಯ ಇ-ಶ್ರಮ್ ಕಾರ್ಡನ್ನು ಈಗ ಹತ್ತನೇ ಕ್ಲಾಸಿನ ಹುಡುಗಿಯರೇ ಮೊಬೈಲಿನಲ್ಲಿ ಮಾಡಿಕೊಡುತ್ತಾರೆ. ಅದು 2021ರಲ್ಲಿ ಶುರುವಾದದ್ದು. ಪಿಎಫ್, ಇಎಸ್‌ಐ ಇಲ್ಲದವರಿಗೆ ಅದು ಬೇಕೇ ಬೇಕು.

ಕನ್ನಡ ಕ್ಲಾಸ್ ಮತ್ತೆ ಶುರುವಾಗಿದೆ. ಬೋರ್ಡು, ಬೆಂಚು ಇಲ್ಲ. ಎ ಶಿಫ್ಟಿನವರು ಎರಡಕ್ಕೆ ಬಿಟ್ಟು, ಉಂಡು, ಒಂದು ನಿದ್ದೆ ತೆಗೆದು ನಾಲ್ಕಕ್ಕೆ ಚಹಾದಂಗಡಿ ಮುಂದೆ ಸೇರುತ್ತಾರೆ. ದಿನಕ್ಕೆ ಎರಡೇ ವಾಕ್ಯ. ಹೇಳಿಕೊಡುವವಳು ಆ ವೆಲ್ಡರನ ಮಗಳು. ತಪ್ಪಾದರೆ ಅವಳು ಅಪ್ಪನನ್ನೂ ಬಿಡುವುದಿಲ್ಲ. ಬರುವ ಭಾನುವಾರ ಅಂಗನವಾಡಿಯ ತಗಡು ಬದಲಿಸಬೇಕು. ಏಣಿ ಒಂದು ಸಾಲದು, ಇನ್ನೊಂದನ್ನು ಕೇಳಲು ಈಗ ಹೊರಟಿದ್ದೇನೆ.