ಹಳೇ ಪಿಕಪ್‌ನ ವೈಪರ್: ಮೋಟರ್ ಹೋಗಿರಲಿಲ್ಲ, ಸ್ಪಿಂಡಲ್ ಹಿಡಿದುಕೊಂಡಿತ್ತು

ಆರಿದ್ರಾ ಮಳೆ ಹಿಡಿದ ಮೂರನೇ ದಿನ. ಬಾಳೆಗೊನೆ ತುಂಬಿಕೊಂಡು ಆಗುಂಬೆ ಘಾಟಿ ಇಳಿಯುತ್ತಿದ್ದೆ. ಸೋಮೇಶ್ವರ ತಲುಪಲು 14 ತಿರುವು. ನಾಲ್ಕೈದು ತಿರುವು ದಾಟಿದ್ದೆ ಅಷ್ಟೇ, ವೈಪರ್ ಗಾಜಿನ ನಡುವೆ ನಿಂತುಬಿಟ್ಟಿತು. ಎದುರಿಗೆ ಬರಿ ನೀರು. ಸ್ವಲ್ಪ ಅಗಲ ಜಾಗ ಸಿಕ್ಕ ಕಡೆ ಗಾಡಿ ಒತ್ತಿಗೆ ಹಾಕಿ, ಇಂಡಿಕೇಟರ್ ಹೊತ್ತಿಸಿ, ಮಳೆ ತಗ್ಗುವವರೆಗೆ ಮುಕ್ಕಾಲು ಗಂಟೆ ಕೂತೆ. ಅವತ್ತು ನಿಜಕ್ಕೂ ಹೆದರಿದ್ದೆ.

ಮರುದಿನ ಒಂದು ಗ್ಯಾರೇಜಿಗೆ ಹೋದೆ. ಬಾನೆಟ್ ಕೂಡ ಎತ್ತದೆ "ಮೋಟರ್ ಹೋಗಿದೆ, ಹೊಸದು ಹಾಕಬೇಕು" ಅಂದರು. ನನಗೆ ಒಪ್ಪಿಗೆಯಾಗಲಿಲ್ಲ. ಸ್ವಿಚ್ ಹಾಕಿದಾಗ ಡ್ಯಾಶ್‌ಬೋರ್ಡ್ ಹಿಂದೆ ಸಣ್ಣಗೆ ಗುಂಯ್ ಅನ್ನುವ ಸದ್ದು ಬರುತ್ತಿತ್ತು. ಸತ್ತ ಮೋಟರ್ ಸದ್ದು ಮಾಡುವುದಿಲ್ಲ. ತಿರುಗಲು ನೋಡಿ ಆಗದೆ ಒದ್ದಾಡುವ ಮೋಟರ್ ಹಾಗೆ ಗುಂಯ್ ಅನ್ನುತ್ತದೆ. ಆ ತಿಂಗಳು ಎರಡು ಸಲ ಫ್ಯೂಸ್ ಕೂಡ ಹೋಗಿತ್ತು. 15 ಆಂಪಿಯರ್ ಬದಲು 20 ಹಾಕಿ, ಹೋಗೋದೇ ಇಲ್ಲ ಎಂದವರೂ ಇದ್ದರು. ಅದನ್ನು ಮಾತ್ರ ಯಾರೂ ಮಾಡಬೇಡಿ. ಆಮೇಲೆ ಫ್ಯೂಸ್ ಬದಲು ವೈರ್ ಸುಡುತ್ತದೆ.

ಮನೆಗೆ ಬಂದು ಅಡಿಕೆ ಅಂಗಳದ ಚಪ್ಪರದ ಕೆಳಗೆ ಗಾಡಿ ನಿಲ್ಲಿಸಿ ನಾನೇ ಶುರು ಮಾಡಿದೆ. ಮೊದಲು ಮೀಟರ್ ಹಿಡಿದು ನೋಡಿದೆ. ಮೋಟರ್‌ನ ಪ್ಲಗ್‌ವರೆಗೆ 12 ವೋಲ್ಟ್ ಸರಿಯಾಗಿ ಬರುತ್ತಿತ್ತು. ಅಂದರೆ ಸ್ವಿಚ್, ಫ್ಯೂಸ್, ವೈರ್ ಮೇಲೆ ಹೆಚ್ಚು ಅನುಮಾನ ಬೇಡ.

ಇನ್ನು ವೈಪರ್ ತೋಳು ಬಿಚ್ಚಬೇಕು. ಬಿಚ್ಚುವ ಮೊದಲು ಬ್ಲೇಡ್ ಎಲ್ಲಿ ಕೂರುತ್ತದೆ ಎಂದು ಗಾಜಿನ ಮೇಲೆ ಟೇಪ್ ಅಂಟಿಸಿ ಗುರುತು ಮಾಡಿಕೊಂಡೆ. ನಟ್ಟು ಸುಲಭವಾಗಿ ಬಂತು, ತೋಳು ಬರಲಿಲ್ಲ. ಸ್ಪಿಂಡಲ್ ಅಂದರೆ ತೋಳನ್ನು ತಿರುಗಿಸುವ ಕಬ್ಬಿಣದ ಕಡ್ಡಿ; ಅದರ ಹಲ್ಲಿಗೆ ತೋಳು ಗಟ್ಟಿಯಾಗಿ ಕಚ್ಚಿಕೊಂಡಿರುತ್ತದೆ. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಗಾಜಿಗೇ ಪೆಟ್ಟು. ಬ್ಯಾಟರಿ ಟರ್ಮಿನಲ್ ಎಳೆಯುವ ಸಣ್ಣ ಪುಲ್ಲರ್ ಇದಕ್ಕೆ ಸರಿಯಾಗಿ ಹೊಂದುತ್ತದೆ. ಗಾಜಿನ ಮೇಲೆ ಗೋಣಿಚೀಲ ಮಡಿಸಿ ಹಾಕಿಕೊಂಡಿದ್ದೆ. ಬ್ಲೇಡ್ ಇಲ್ಲದ ಬರಿ ತೋಳು ಸ್ಪ್ರಿಂಗ್ ಬಲಕ್ಕೆ ರಪ್ಪನೆ ಬಿದ್ದರೆ ಗಾಜು ಸೀಳಬಹುದು.

ಗಾಜಿನ ಬುಡದ ಜಾಲರಿ ತಗಡು ತೆಗೆದಾಗ ವಿಷಯ ಅರ್ಥವಾಯಿತು. ಒಳಗೆಲ್ಲ ಕೊಳೆತ ಎಲೆ, ಹಿಂಗಾರದ ಪುಡಿ, ಮಣ್ಣು. ನೀರು ಇಳಿಯುವ ಎರಡೂ ತೂತು ಮುಚ್ಚಿಹೋಗಿದ್ದವು. ಮೋಟರ್‌ನಿಂದ ಸ್ಪಿಂಡಲ್‌ಗೆ ಹೋಗುವ ರಾಡುಗಳ ಜೋಡಣೆ, ಅಂದರೆ ಲಿಂಕೇಜ್, ಪೂರ್ತಿ ನೀರಿನಲ್ಲಿ ನಿಂತಿತ್ತು. ಎಷ್ಟು ಮಳೆಗಾಲ ಹಾಗೇ ಕಳೆದಿತ್ತೋ.

ಈಗ ನಿಜವಾದ ಪರೀಕ್ಷೆ. ಮೋಟರ್ ತಿರುಗಿಸುವ ಸಣ್ಣ ಕೈಯಿಂದ (ಕ್ರ್ಯಾಂಕ್) ಲಿಂಕ್ ರಾಡನ್ನು ಬಿಡಿಸಿ ಸ್ವಿಚ್ ಹಾಕಿದೆ. ಮೋಟರ್ ನಿಧಾನದ ಸ್ಪೀಡು, ಜಾಸ್ತಿ ಸ್ಪೀಡು ಎರಡರಲ್ಲೂ ಹಾಯಾಗಿ ತಿರುಗಿತು! ಆಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚಿಟ್ಟು ಸ್ಪಿಂಡಲ್‌ಗಳನ್ನು ಕೈಯಲ್ಲಿ ತಿರುಗಿಸಿದೆ. ಡ್ರೈವರ್ ಕಡೆಯದು ಒಂದೇ ಬೆರಳಿಗೆ ತಿರುಗಿತು. ಎಡಗಡೆಯದು ಕಟಿಂಗ್ ಪ್ಲೇಯರ್‌ಗೂ ಜಗ್ಗಲಿಲ್ಲ. ಮೋಟರ್ ಕೊಳ್ಳುವ ಮುಂಚೆ ಇದೊಂದನ್ನು ಮಾಡಿ ನೋಡಿ. ಹತ್ತು ನಿಮಿಷದ ಕೆಲಸ.

ಸ್ಪಿಂಡಲ್‌ಗೆ ರಸ್ಟ್ ಬಿಡಿಸುವ ಸ್ಪ್ರೇ ಹೊಡೆದು ರಾತ್ರಿಯಿಡೀ ಬಿಟ್ಟೆ. ಬೆಳಗ್ಗೆ ಸ್ಪಿಂಡಲ್ ಜಾರದಂತೆ ಹಿಡಿಯುವ ಸರ್ಕ್ಲಿಪ್ ತೆಗೆದೆ. ವಾಷರ್‌ಗಳು ಯಾವ ಸಾಲಿನಲ್ಲಿವೆ ಎಂದು ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡೆ. ಆಮೇಲೆ ಮರದ ತುಂಡು ಇಟ್ಟು ಮೆಲ್ಲಗೆ ಬಡಿದೆ. ನೇರವಾಗಿ ಸುತ್ತಿಗೆ ಬಿದ್ದರೆ ತುದಿಯ ಥ್ರೆಡ್ ಹಾಳು. ಸುಮಾರು ಹೊತ್ತು ಬಡಿದ ಮೇಲೆ ಹೊರಗೆ ಬಂತು. ಒಂದು ಕಡೆ ಕೆಂಪು ತುಕ್ಕು, ಇನ್ನೊಂದು ಕಡೆ ಒಣಗಿ ಡಾಂಬರಿನಂತಾದ ಹಳೇ ಗ್ರೀಸು. 400 ನಂಬರಿನ ಎಮರಿ ಪೇಪರಿನಲ್ಲಿ ತುಕ್ಕು ಹೋಗುವಷ್ಟು ಮಾತ್ರ ಉಜ್ಜಿದೆ. ಹೊಳಪು ಬರಲಿ ಎಂದು ಜಾಸ್ತಿ ಉಜ್ಜಿದರೆ ಸ್ಪಿಂಡಲ್ ಸಡಿಲವಾಗಿ ನೀರು ಇನ್ನೂ ಬೇಗ ಒಳಗೆ ಇಳಿಯುತ್ತದೆ. ಸ್ಪಿಂಡಲ್ ಕೂರುವ ತೂತಿನ ಒಳಗೆ ಕಡ್ಡಿಗೆ ಬಟ್ಟೆ ಸುತ್ತಿ ಡೀಸೆಲ್‌ನಲ್ಲಿ ತೊಳೆದೆ. ವೀಲ್ ಬೇರಿಂಗಿಗೆ ಹಾಕುವ ಗ್ರೀಸನ್ನೇ ಧಾರಾಳವಾಗಿ ತುಂಬಿ, ಮೇಲಿನ ರಬ್ಬರ್ ರಿಂಗ್ ಹೊಸದು ಹಾಕಿದೆ. ಹಳೇ ರಿಂಗ್ ಬಿರಿದಿತ್ತು. ನೀರು ಇಳಿದದ್ದು ಅಲ್ಲಿಂದಲೇ.

ಲಿಂಕ್ ರಾಡಿನ ಒಂದು ಪ್ಲಾಸ್ಟಿಕ್ ಬುಷ್ ಸವೆದು ಲಡಬಡ ಅನ್ನುತ್ತಿತ್ತು. ಅದನ್ನೂ ಬದಲಿಸಿದೆ. ಹೊಸ ಬುಷ್ ಸ್ವಲ್ಪ ಹೊತ್ತು ಬಿಸಿನೀರಿನಲ್ಲಿ ಇಟ್ಟರೆ ಮೆದುವಾಗಿ ಒತ್ತಿದ ಕೂಡಲೇ ಕೂರುತ್ತದೆ. ಮೋಟರ್‌ನ ಅರ್ಥ್ ಬೋಲ್ಟ್ ಬಿಚ್ಚಿ, ಕೆಳಗಿನ ತುಕ್ಕು ಕೆರೆದು ಬಿಗಿ ಮಾಡಿದೆ.

ಜೋಡಿಸುವಾಗ ಒಂದು ತಪ್ಪು ಮಾಡಿದೆ. ತೋಳನ್ನು ಟೇಪ್ ಗುರುತಿಗೆ ನೇರ ಕೂರಿಸಿ ನಟ್ಟು ಬಿಗಿದೆ. ಸ್ವಿಚ್ ಹಾಕಿದರೆ ಬ್ಲೇಡ್ ಬಾನೆಟ್ ಕಡೆ ಹೊರಟಿತು. ಹಾಗಲ್ಲ, ಮೊದಲು ಬ್ಯಾಟರಿ ಕೊಟ್ಟು, ತೋಳಿಲ್ಲದೆ ಮೋಟರನ್ನು ಒಮ್ಮೆ ಓಡಿಸಿ, ಸ್ವಿಚ್ ಆಫ್ ಮಾಡಬೇಕು. ಮೋಟರ್ ತಾನಾಗಿ ತನ್ನ ನಿಲ್ಲುವ ಜಾಗಕ್ಕೆ ಬಂದು ನಿಲ್ಲುತ್ತದೆ. ಆಮೇಲೆ ತೋಳು ಹಾಕಬೇಕು. ಪರೀಕ್ಷೆ ಮಾಡುವಾಗ ಗಾಜು ಒದ್ದೆ ಇರಲಿ.

ವೈಪರ್ ಓಡಿತು, ಆದರೆ ಕಟಕಟ ಅಂತ ನಡುಗುತ್ತಾ ಓಡಿತು. ಅದಕ್ಕೆ ಎರಡು ಕಾರಣ ಸಿಕ್ಕವು. ಒಂದು, ತೋಳಿನ ತುದಿ ಸ್ವಲ್ಪ ತಿರುಚಿಕೊಂಡಿತ್ತು. ಬ್ಲೇಡ್ ಗಾಜಿಗೆ ನೆಟ್ಟಗೆ ನಿಲ್ಲುವಂತೆ ಎರಡು ಪ್ಲೇಯರ್ ಹಿಡಿದು ಒಂದಿಷ್ಟೇ ತಿರುಗಿಸಿದೆ. ಇನ್ನೊಂದು ನಮ್ಮ ಕಡೆಯ ಎಲ್ಲ ಗಾಡಿಗಳ ಸಮಸ್ಯೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನ ಡ್ರಮ್ಮು, ಪಂಪು ಹೊತ್ತು ಪಿಕಪ್ ತೋಟದಲ್ಲೇ ನಿಂತಿರುತ್ತದೆ ಅಲ್ವಾ? ಮೈಲುತುತ್ತ, ಸುಣ್ಣದ ಹನಿ ಗಾಜಿನ ಮೇಲೆ ಬಿದ್ದು ಒಣಗುತ್ತದೆ. ಅದು ಒರಟು. ಹೊಸ ಬ್ಲೇಡಿನ ರಬ್ಬರನ್ನೂ ಕೆಲವೇ ದಿನದಲ್ಲಿ ಕಿತ್ತು ಹಾಕುತ್ತದೆ. ವಿನೆಗರ್ ಹಚ್ಚಿ ಹತ್ತು ನಿಮಿಷ ಬಿಟ್ಟು, ಹೇರಳ ನೀರು ಹಾಕಿ ತೊಳೆದರೆ ಕಲೆ ಬಿಡುತ್ತದೆ. ಈಗ ಔಷಧಿ ಹೊಡೆಯುವ ದಿನ ಗಾಜಿಗೆ ಟಾರ್ಪಾಲು ಮುಚ್ಚುತ್ತೇನೆ.

ಎರಡು ಮಳೆಗಾಲ ಆಯಿತು, ಸ್ಪಿಂಡಲ್ ಹಿಡಿದಿಲ್ಲ. ಮೇ ತಿಂಗಳ ಕೊನೆಗೆ ಒಂದು ಕೊಡ ನೀರು ಗಾಜಿನ ಬುಡಕ್ಕೆ ಸುರಿದು, ಕೆಳಗೆ ಎರಡೂ ಕಡೆ ನೀರು ಇಳಿಯುತ್ತದೆಯೇ ಎಂದು ಬಗ್ಗಿ ನೋಡುತ್ತೇನೆ. ಇಳಿಯದಿದ್ದರೆ ತಗಡು ತೆಗೆದು ಎಲೆ ಬಾಚುತ್ತೇನೆ.