ಸಂಬಳ ನಿಂತಿದ್ದು ಸೇವಾ ಪುಸ್ತಕದಲ್ಲಿ

ನಾನು ಮುಂಬೈಯ ಒಂದು ಸರಕಾರಿ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತೇನೆ. ಮನೆ ಡೊಂಬಿವಲಿಯಲ್ಲಿ. ಮೂರು ವರ್ಷ ಅಧ್ಯಾಪಕರ ಸಂಘದಲ್ಲಿ ಸಂಬಳದ ಅರ್ಜಿಗಳನ್ನು ನೋಡಿಕೊಂಡೆ. ಆಗ ಏನು ಮಾಡಿದೆವು ಅಂತ ಬರೆಯುತ್ತಿದ್ದೇನೆ, ಬೇರೆ ಕಡೆ ಇದೇ ಪಾಡು ಪಡುತ್ತಿರುವವರಿಗೆ ಉಪಯೋಗಕ್ಕೆ ಬರಬಹುದು.

ಮೊದಲು ನನ್ನ ಗಮನವೆಲ್ಲ ಸರಕಾರದ ಕಡೆಗೇ ಇತ್ತು. ಇರದೆ ಏನು? 2013ರಲ್ಲಿ ಮಹಾರಾಷ್ಟ್ರದ ಕಾಲೇಜು ಅಧ್ಯಾಪಕರು ವೇತನದ ಬಾಕಿಗಾಗಿ ಪರೀಕ್ಷೆ ಕೆಲಸವನ್ನೇ ಬಹಿಷ್ಕರಿಸಬೇಕಾಯಿತು. ಏಳನೇ ವೇತನ ಆಯೋಗದ ಹೊಸ ಸಂಬಳ 2016ರ ಜನವರಿ 1ರಿಂದ ಲೆಕ್ಕ, ಆದರೆ ನಮಗೆ ರಾಜ್ಯದ ಆದೇಶ ಬಂದಿದ್ದು 2019ರ ಮಾರ್ಚ್‌ನಲ್ಲಿ. ಆ ಹೋರಾಟ ಬೇಕೇ ಬೇಕು. ಆದರೆ ಆದೇಶ ಬಂದಾದ ಮೇಲೂ ನಮ್ಮ ಕ್ಯಾಂಪಸ್ಸಿನ ಕಪಾಟುಗಳಲ್ಲೇ ಎಷ್ಟು ಜನರ ದುಡ್ಡು ಕೂತಿದೆ ಅಂತ ಯಾರೂ ಎಣಿಸಿರಲಿಲ್ಲ.

ಅದನ್ನು ತೋರಿಸಿಕೊಟ್ಟವರು ಆಫೀಸಿನ ಹಿರಿಯ ಗುಮಾಸ್ತರು, ಕುಂದಾಪುರದ ಕಡೆಯವರು. ನಾನು ಅವರನ್ನು ಮಾಮ ಅಂತಲೇ ಕರೆಯೋದು. ಒಂದು ದಿನ ಕೇಳಿದರು, "ಮೇಡಂ, ನಿಮ್ಮ ಸೇವಾ ಪುಸ್ತಕ ಯಾವಾಗಾದ್ರೂ ನೋಡಿದ್ದೀರಾ?" ಸೇರಿದ ದಿನ, ಬಡ್ತಿ, ರಜೆ ಎಲ್ಲ ಬರೆದಿಡುವ ಆಫೀಸಿನ ಪುಸ್ತಕ ಅದು. ನೋಡಿರಲಿಲ್ಲ. ಮರುದಿನ ಹೋಗಿ ತೆಗೆಸಿದೆ. ನಾನು ಮಾಡಿದ್ದ 21 ದಿನದ ಓರಿಯೆಂಟೇಶನ್ ಕೋರ್ಸಿನ (ಅಧ್ಯಾಪಕರಿಗೆ ಕೊಡುವ ತರಬೇತಿ) ನಮೂದೇ ಅದರಲ್ಲಿಲ್ಲ. ಆ ಕೋರ್ಸ್ ಇಲ್ಲದೆ ಬಡ್ತಿ ಇಲ್ಲ, ನನ್ನ ಅರ್ಜಿ ಅಷ್ಟು ದಿನ ಕೊಳೆಯುತ್ತಿದ್ದದ್ದು ಅದಕ್ಕೇ.

ಇದರಿಂದ ಎಷ್ಟು ನಷ್ಟ ಅಂತ ಲೆಕ್ಕ ಹಾಕಿ ನೋಡಿ. ಸಹಾಯಕ ಪ್ರಾಧ್ಯಾಪಕರ ಮೂಲವೇತನ ವೇತನ ಪಟ್ಟಿಯ 10ನೇ ಹಂತದಲ್ಲಿ 57,700 ರೂಪಾಯಿಯಿಂದ ಶುರು. ಪಿಎಚ್‌ಡಿ ಇದ್ದವರು 4 ವರ್ಷಕ್ಕೆ, ಎಂಫಿಲ್ ಇದ್ದವರು 5 ವರ್ಷಕ್ಕೆ, ಉಳಿದವರು 6 ವರ್ಷಕ್ಕೆ 11ನೇ ಹಂತಕ್ಕೆ ಅರ್ಹರು. ವರ್ಷಕ್ಕೊಂದರಂತೆ ನಾಲ್ಕು ಇನ್‌ಕ್ರಿಮೆಂಟ್ ಆದಾಗ ಮೂಲವೇತನ 64,900 ಆಗಿರುತ್ತದೆ, ಬಡ್ತಿ ಸಿಕ್ಕರೆ 68,900. ತಿಂಗಳಿಗೆ 4,000 ವ್ಯತ್ಯಾಸ. ಅದರ ಮೇಲೆ ತುಟ್ಟಿಭತ್ಯೆ, ಮನೆಬಾಡಿಗೆ ಭತ್ಯೆ ಬೇರೆ. ಮೂರು ವರ್ಷ ಕಡತ ಮಲಗಿದರೆ ಮೂಲವೇತನದಲ್ಲೇ ಒಂದೂಕಾಲು ಲಕ್ಷಕ್ಕಿಂತ ಜಾಸ್ತಿ ಕೈಗೆ ಬಾರದೆ ಉಳಿಯುತ್ತದೆ, ಮುಂದಿನ ಬಡ್ತಿಯೂ ಅಷ್ಟೇ ಹಿಂದೆ ಬೀಳುತ್ತದೆ. ಬಾಕಿ ಯಾವತ್ತೋ ಬರಬಹುದು, ಆದರೆ ಮನೆ ಸಾಲದ ಕಂತು ಕಾಯುವುದಿಲ್ಲ ಅಲ್ವಾ?

ಆಮೇಲೆ ಶನಿವಾರ ಶನಿವಾರ ಕೂರಲು ಶುರು ಮಾಡಿದೆವು. ಒಬ್ಬೊಬ್ಬರದೂ ಒಂದು ಹಾಳೆ: ಸೇರಿದ ದಿನ, ಪಿಎಚ್‌ಡಿ ಆದ ದಿನ, ಕೋರ್ಸುಗಳು, ಸಂಬಳವಿಲ್ಲದ ರಜೆ, ಪ್ರತಿ ಇನ್‌ಕ್ರಿಮೆಂಟಿನ ನಮೂದು, ಪಕ್ಕದಲ್ಲಿ ಸಹಿ ಇದೆಯೋ ಇಲ್ಲವೋ. ಸುಮ್ನೆ "ಬಡ್ತಿ ಕೊಡಿ" ಅಂತ ಪತ್ರ ಬರೆಯುವುದನ್ನು ನಿಲ್ಲಿಸಿದೆವು. ಯಾರ ಕಡತ, ಯಾವ ಮೇಜಿನಲ್ಲಿ, ಯಾವ ತಾರೀಖಿನಿಂದ, ಯಾವ ಕಾಗದ ಕಡಿಮೆ ಇದೆ ಅಂತ ಬರೆದು ಕೊಟ್ಟೆವು. ಪ್ರತಿ ಸಲ ಪತ್ರ ತಲುಪಿದ್ದಕ್ಕೆ ಆಫೀಸಿನ ಆವಕ ಸಂಖ್ಯೆ ಹಾಕಿಸಿಕೊಂಡು ಬಂದೆವು. ಹೀಗೆ ಬರೆದಾಗ ಎದುರಿಗಿರುವವರಿಗೆ "ನೋಡೋಣ" ಅನ್ನುವುದು ಕಷ್ಟ.

ಒಂದು ಮಾತು ಮನಸಾರೆ ಹೇಳಬೇಕು. ಈ ಕೆಲಸ ಮಾಡಿಕೊಟ್ಟವರು ಬೋಧಕೇತರ ನೌಕರರು. ಅವರ ಬಾಕಿ, ಅವರ ಬಡ್ತಿ ನಮಗಿಂತ ಹಿಂದೆ ಬಿದ್ದಿತ್ತು, ಆದರೂ ನಮ್ಮ ಪುಸ್ತಕ ಮೊದಲು ತೆಗೆದರು. ನನಗೆ ನಾಚಿಕೆಯಾಯಿತು. ಎರಡನೇ ತಿಂಗಳಿಂದ ಅವರ ಹಾಳೆಗಳನ್ನೂ ಜೊತೆಗೇ ತುಂಬಿದೆವು. ಇನ್ನಾರು ತಿಂಗಳಿಗೆ ನಿವೃತ್ತಿ ಇದ್ದ ಒಬ್ಬ ಸಿಪಾಯಿಯ ಪುಸ್ತಕದಲ್ಲಿ ಒಂದು ವರ್ಷದ ಇನ್‌ಕ್ರಿಮೆಂಟೇ ಬಿಟ್ಟುಹೋಗಿತ್ತು. ಅವರು ಹಳೆ ಪಿಂಚಣಿಯವರು, ಪಿಂಚಣಿ ಲೆಕ್ಕ ಆಗೋದು ಕೊನೆಯ ಸಂಬಳದ ಮೇಲೆ. ಅಂದರೆ ಆ ಒಂದು ಸಾಲು ಇಲ್ಲದಿದ್ದರೆ ಜೀವನಪೂರ್ತಿ ಕಡಿಮೆ. ಸರಿ ಮಾಡಿಸಿದ ದಿನ ಅವರು ಹೆಂಡತಿಯನ್ನೂ ಕರೆದುಕೊಂಡು ಬಂದಿದ್ದರು.

ನಮ್ಮ ಕೈಲಿ ಆಗದೆ ಉಳಿದದ್ದು ಗಂಟೆ ಲೆಕ್ಕದ ಅಧ್ಯಾಪಕರ ವಿಷಯ. ಅತಿಥಿ ಅಧ್ಯಾಪಕರಿಗೆ ಒಂದು ಪಾಠಕ್ಕೆ 1,500 ರೂಪಾಯಿ, ತಿಂಗಳಿಗೆ ಗರಿಷ್ಠ 50,000 ಅಂತ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2019ರಲ್ಲೇ ಹೇಳಿದೆ. ನಮ್ಮಲ್ಲಿ ಅದರ ಹತ್ತಿರಕ್ಕೂ ಹೋಗಿಲ್ಲ, ಮೇಲಾಗಿ ಸೆಮಿಸ್ಟರ್ ಮುಗಿದ ಮೇಲೆ ಒಟ್ಟಿಗೆ ಬಿಲ್ಲು ಆಗುತ್ತಿತ್ತು. ನೆಟ್ (ಅಧ್ಯಾಪಕರ ಅರ್ಹತಾ ಪರೀಕ್ಷೆ) ಪಾಸಾದ, ಪಿಎಚ್‌ಡಿ ಮಾಡಿದ ಹುಡುಗರು ಐದಾರು ತಿಂಗಳು ಬಾಡಿಗೆಗೆ ಸಾಲ ಮಾಡಿಕೊಂಡು ಪಾಠ ಮಾಡುವುದು ನನಗೆ ನೋಡಲಾಗುತ್ತಿರಲಿಲ್ಲ. ಪ್ರತಿ ತಿಂಗಳು 5ರೊಳಗೆ ವಿಭಾಗದಿಂದ ಬಿಲ್ಲು ಹೋಗಬೇಕು ಅಂತ ಒಪ್ಪಿಸಿದೆವು, ಅದೀಗ ನಡೆಯುತ್ತಿದೆ. ದರ ಮಾತ್ರ ಏರಿಲ್ಲ. ದರ ಏರಿಸುವ ಅರ್ಜಿ ವಿಶ್ವವಿದ್ಯಾಲಯದ ಆಡಳಿತ ನೋಡುವ ವ್ಯವಸ್ಥಾಪನ ಪರಿಷತ್ತಿಗೆ ಹೋಗಬೇಕು. ಮುಂದಿನ ಸಭೆಯ ಪಟ್ಟಿಯಲ್ಲಿ ಸೇರಿಸಿದ್ದಾರಾ ಅಂತ ಸೋಮವಾರ ಮಾಮನ ಜೊತೆ ಹೋಗಿ ನೋಡಬೇಕು.