ಎಂಟು ಇಂಚಿನ ಕನ್ನಡಿ, ಒಂದೂವರೆ ಸಾವಿರದ ಗಡಿಯಾರ

ಎಂಟು ಇಂಚಿನ ಕನ್ನಡಿಯ ದೂರದರ್ಶಕದಲ್ಲಿ ಕ್ಷುದ್ರಗ್ರಹವನ್ನು ನೋಡಿ ಖುಷಿಪಡಬಹುದೇ ಹೊರತು ಅಳೆಯಲಾಗದು ಎಂದು ನಮ್ಮ ಹವ್ಯಾಸಿ ಆಕಾಶವೀಕ್ಷಕರ ಬಳಗದ ಹಿರಿಯರೊಬ್ಬರು ತೀರ್ಪು ಕೊಟ್ಟಿದ್ದರು. ಚಳ್ಳಕೆರೆ ಕಡೆಯ ಭಾವನ ತೋಟದಿಂದ ಹೊಸ ಕಲ್ಲೊಂದರ ಕಕ್ಷೆಗೆ ಅಂಕಿ ಕಳಿಸುತ್ತೇನೆ ಎಂದಾಗ ಉಳಿದವರು ನಕ್ಕರು. ನಗಲಿ. 2023ರ ಮಾರ್ಚಿನಲ್ಲಿ 2023 ಡಿಜೆಡ್2 ಎಂಬ ಕ್ಷುದ್ರಗ್ರಹ ಭೂಮಿಯ ಪಕ್ಕ ಹಾದುಹೋದಾಗ ನನ್ನ ಅಳತೆಗಳು, ಒಂದೆರಡನ್ನು ಬಿಟ್ಟರೆ, ಕಕ್ಷೆಯ ಲೆಕ್ಕಕ್ಕೆ ಅರ್ಧ ಆರ್ಕ್‌ಸೆಕೆಂಡಿನೊಳಗೆ (ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ನೇ ಒಂದಂಶ) ಕೂತವು. ಕೊನೆಯ ರಾತ್ರಿಯವು ಮಾತ್ರ ಒಂದರ ಆಸುಪಾಸು.

ಅದಕ್ಕೂ ಮುಂಚೆ ಸೋತದ್ದನ್ನು ಹೇಳಬೇಕು. ಅಳತೆ ಕಳಿಸುವ ಜಾಗಕ್ಕೆ ಸಿಗುವ ಗುರುತಾದ ವೀಕ್ಷಣಾಲಯ ಸಂಕೇತಕ್ಕಾಗಿ, ಜಗತ್ತಿನ ಕ್ಷುದ್ರಗ್ರಹ ಅಳತೆಗಳನ್ನೆಲ್ಲ ಕಲೆಹಾಕುವ ಮೈನರ್ ಪ್ಲಾನೆಟ್ ಸೆಂಟರ್‌ಗೆ ಕಳಿಸಿದ್ದು ಮಂಗಳ ಮತ್ತು ಗುರುವಿನ ನಡುವಿನ ಹಳೆಯ ಕ್ಷುದ್ರಗ್ರಹಗಳ ಅಳತೆ. ನಿಮಿಷಕ್ಕೆ ಅರ್ಧ ಆರ್ಕ್‌ಸೆಕೆಂಡ್ ಸರಿಯುವ ಎಮ್ಮೆಗಳು ಅವು. ಗಡಿಯಾರ ಎರಡು ಸೆಕೆಂಡ್ ತಪ್ಪಿದರೂ ಚಾಡಿ ಹೇಳುವುದಿಲ್ಲ. ಸಂಕೇತ ಸಿಕ್ಕಿತು, ಗೆದ್ದೆನೆಂದುಕೊಂಡೆ. 2022ರ ಕೊನೆಗೆ ಸೆಕೆಂಡಿಗೆ ಎರಡು ಆರ್ಕ್‌ಸೆಕೆಂಡ್ ಓಡುವ ಒಂದರ ಬೆನ್ನು ಹತ್ತಿದಾಗ ಮಾನ ಹೋಯಿತು. ಪ್ರತಿ ಬಿಂದುವೂ ನಾಲ್ಕು ಆರ್ಕ್‌ಸೆಕೆಂಡ್ ಮುಂದೆ! ದೂರದರ್ಶಕವನ್ನು ಹೊತ್ತು ತಿರುಗಿಸುವ ಮೌಂಟನ್ನು ಬೈದು, ಹದಿನೆಂಟು ಸಾವಿರ ಕೊಟ್ಟು ಅದರ ಹಲ್ಲುಚಕ್ರ ಬದಲಿಸಿದೆ. ಆಮೇಲೆ ಕೋಮಾ, ಅಂದರೆ ಚಿತ್ರದ ಅಂಚಿನ ನಕ್ಷತ್ರಗಳಿಗೆ ಬಾಲ ಮೂಡುವ ದೋಷ, ತಿದ್ದುವ ಲೆನ್ಸ್, ಹನ್ನೆರಡು ಸಾವಿರ, ಸುಂಕ ಬೇರೆ. ನಾಲ್ಕು ನಾಲ್ಕಾಗಿಯೇ ಉಳಿಯಿತು.

ಕಕ್ಷೆ ಲೆಕ್ಕ ಹಾಕುವ ತಂತ್ರಾಂಶ ಫೈಂಡ್ ಆರ್ಬ್ ತೋರಿಸುವ ವ್ಯತ್ಯಾಸವನ್ನು ಓಟದ ದಿಕ್ಕಿಗೊಂದು, ಅಡ್ಡಕ್ಕೊಂದು ಎಂದು ಒಡೆದು ನೋಡುವ ಬುದ್ಧಿ ಬಂದದ್ದು ಜನವರಿಯಲ್ಲಿ. ಅಡ್ಡಕ್ಕೆ ಏನೂ ಇಲ್ಲ, ತಪ್ಪೆಲ್ಲ ಓಟದ ದಿಕ್ಕಿನಲ್ಲೇ. ಕಳ್ಳ ಸಿಕ್ಕಿದ: ಲ್ಯಾಪ್‌ಟಾಪಿನ ಗಡಿಯಾರ. ತೋಟದಲ್ಲಿ ಮೊಬೈಲ್ ಸಿಗ್ನಲ್ ಬಂದರೆ ಬಂತು. ಆ ಅಂತರ್ಜಾಲದ ಸಮಯವನ್ನೇ ನಂಬಿ ಕೂತಿದ್ದೆ. ಸುಮಾರು ಒಂದೂವರೆ ಸಾವಿರದ ಜಿಪಿಎಸ್ ರಿಸೀವರ್ ತಂದು ಜೋಡಿಸಿದೆ. ಅಷ್ಟಕ್ಕೇ ಬಿಡದೆ ಜಿಪಿಎಸ್ ಉಪಗ್ರಹಗಳದೇ ಚಿತ್ರ ತೆಗೆದೆ. ಇಪ್ಪತ್ತು ಸಾವಿರ ಕಿಲೋಮೀಟರ್ ಎತ್ತರದಲ್ಲಿ ಸೆಕೆಂಡಿಗೆ ಮೂವತ್ತು ನಲವತ್ತು ಆರ್ಕ್‌ಸೆಕೆಂಡ್ ಓಡುವ ಅವುಗಳ ಜಾಗ ಕರಾರುವಾಕ್ಕಾಗಿ ಗೊತ್ತಿರುವುದರಿಂದ ಸೆಕೆಂಡಿನ ಹತ್ತನೇ ಒಂದಂಶದ ತಪ್ಪೂ ಎದ್ದು ಕಾಣುತ್ತದೆ. ಕ್ಯಾಮೆರಾ ಹೇಳುವ ಸಮಯಕ್ಕೂ ನಿಜ ಸಮಯಕ್ಕೂ 0.3 ಸೆಕೆಂಡಿನಷ್ಟು ಅಂತರವಿತ್ತು. ಅದನ್ನು ಕಳೆಯುವ ಲೆಕ್ಕವನ್ನು ಇಲ್ಲಿ ಬರೆಯುವುದಿಲ್ಲ. ಕ್ಯಾಮೆರಾದಿಂದ ಕ್ಯಾಮೆರಾಕ್ಕೆ ಬೇರೆ ಎಂಬುದು ನೆಪ. ಎರಡು ತಿಂಗಳು ನಿದ್ದೆಗೆಟ್ಟವನು ನಾನು.

ಫೆಬ್ರವರಿ 27ರಂದು ಲಾ ಪಾಲ್ಮಾ ದ್ವೀಪದ ಐಸಾಕ್ ನ್ಯೂಟನ್ ದೂರದರ್ಶಕಕ್ಕೆ ಸಿಕ್ಕಾಗ ಡಿಜೆಡ್2 ನನಗೆ ಎಟುಕದಷ್ಟು ಮಂದವಾಗಿತ್ತು. 2026ರಲ್ಲಿ ಭೂಮಿಗೆ ಅಪ್ಪಳಿಸೀತೇ ಎಂಬ ಶಂಕೆ ಯುಗಾದಿಯ ಹೊತ್ತಿಗೆ ತೀರಿತು. ಅಮಾವಾಸ್ಯೆಗೆ ಎರಡು ಮೂರು ದಿನ ಮುಂಚೆ ಕಾಂತಿಮಾನ (ಅಂಕಿ ಹೆಚ್ಚಿದಷ್ಟೂ ಮಂದ) 17ರ ಸುತ್ತ; ಹತ್ತು ಸೆಕೆಂಡಿನ ಎಂಬತ್ತು ಚಿತ್ರಗಳನ್ನು ಅದರ ವೇಗಕ್ಕೆ ಸರಿಸಿ ಪೇರಿಸಿದ ಮೇಲಷ್ಟೇ ಚುಕ್ಕೆ ಮೂಡಿತು.

ಮಾರ್ಚ್ 24ರ ಸಂಜೆ ಊರೆಲ್ಲ ಚಂದ್ರನ ಪಕ್ಕ ನಿಂತ ಶುಕ್ರನ ಫೋಟೋ ತೆಗೆಯುತ್ತಿತ್ತು. ನನ್ನ ತೆರೆಯಲ್ಲಿ ಕಲ್ಲು ಒಮ್ಮೆ ಬೆಳಗಿ ಒಮ್ಮೆ ಕಂದುತ್ತಿತ್ತು. ತೆಳು ಮೋಡವೆಂದುಕೊಂಡೆ, ಆದರೆ ಪಕ್ಕದ ನಕ್ಷತ್ರಗಳು ಹಾಗೇ ಇದ್ದವು. ಅಳತೆ ಬಿಟ್ಟು ಒಂದು ಗಂಟೆ ಅದರ ಹೊಳಪನ್ನೇ ಗೀಚುತ್ತ ಕೂತೆ. ಮೂರು ನಿಮಿಷಕ್ಕೊಂದು ಏರು. ಕಲ್ಲು ತನ್ನ ಸುತ್ತ ಒಮ್ಮೆ ತಿರುಗುವಾಗ ಎರಡು ಏರು ಎಂದಿಟ್ಟುಕೊಂಡರೆ ಆರು ನಿಮಿಷ ಚಿಲ್ಲರೆಗೆ ಒಂದು ಸುತ್ತು. ಪರಿಣತರು ಆಮೇಲೆ ಪ್ರಕಟಿಸಿದ್ದು ಸುಮಾರು 6.27 ನಿಮಿಷ.

25ರ ರಾತ್ರಿ ಎಂಟೂವರೆಗೆ ಅದು ಸೆಕೆಂಡಿಗೆ ಐದಕ್ಕೂ ಹೆಚ್ಚು ಆರ್ಕ್‌ಸೆಕೆಂಡ್ ಓಡುತ್ತಿತ್ತು. ಹಳೆಯ ಗಡಿಯಾರವಾಗಿದ್ದರೆ ಹತ್ತು ಆರ್ಕ್‌ಸೆಕೆಂಡ್ ತಪ್ಪುತ್ತಿದ್ದೆ. ಅರ್ಧ ಸೆಕೆಂಡಿನ ಚಿತ್ರಗಳನ್ನು ಮಾತ್ರ ತೆಗೆದು, ದೂರದರ್ಶಕವನ್ನು ಅದರ ದಾರಿಯಲ್ಲಿ ಮುಂದಿಟ್ಟು ಕಾಯುವುದು, ದಾಟಿದ ಮೇಲೆ ಮತ್ತೆ ಮುಂದೆ. ನಡುರಾತ್ರಿ ದಾಟಿ ಒಂದೂ ಇಪ್ಪತ್ತರ ಸುಮಾರಿಗೆ ಭೂಮಿಗೆ ಅತಿ ಸಮೀಪ ಬಂದಾಗ ದೂರ 1.74 ಲಕ್ಷ ಕಿಲೋಮೀಟರ್. ಚಂದ್ರನ ದೂರದ ಅರ್ಧಕ್ಕಿಂತ ಕಡಿಮೆ. ಅಷ್ಟರಲ್ಲಿ ನನ್ನ ಬ್ಯಾಟರಿ ಮುಗಿದಿತ್ತು.

ಕಳೆದ ತಿಂಗಳು ಲ್ಯಾಪ್‌ಟಾಪ್ ಬದಲಿಸಿದೆ. ಆ 0.3 ಈಗ 0.3 ಅಲ್ಲ, ಮತ್ತೆ ಉಪಗ್ರಹಗಳ ಹಿಂದೆ ಬಿದ್ದಿದ್ದೇನೆ.